ಕೋಡ್ ನಡುವೆ ಅಮ್ಮನ ಡ್ರಾಪ್ಸ್

ಮಂಗಳವಾರ, ಮಾರ್ಚ್ 11

ಆ ನಗು ಇನ್ನೂ ಕಿವಿಯಲ್ಲೇ ಇದೆ. ಮೀಟಿಂಗ್‌ನಲ್ಲಿ ನನ್ನ ಕೋಡನ್ನು ದೊಡ್ಡ ಪರದೆಯ ಮೇಲೆ ತೆರೆದ ಟೀಮ್ ಲೀಡರ್, ನಡುವೆ ಇದ್ದ ಒಂದು ಸಾಲನ್ನು ಜೋರಾಗಿ ಓದಿದರು: "ಅಮ್ಮನ ಕಣ್ಣಿಗೆ ಡ್ರಾಪ್ಸ್, ಊಟ ಆದ ಮೇಲೆ." ಎಲ್ಲರೂ ಬಿದ್ದು ಬಿದ್ದು ನಕ್ಕರು. ನೆನಪಾದದ್ದನ್ನು ಕೋಡ್ ಬರೆಯುವ ಕಡೆಯೇ ಗೀಚಿಕೊಳ್ಳುವುದು ನನ್ನ ಅಭ್ಯಾಸ. ಅಳಿಸದೆ ಕಳಿಸಿಬಿಟ್ಟಿದ್ದೆ.

"ಇದನ್ನೆಲ್ಲ ಬರೆದಿಡೋಕೆ ಬೇರೆ ಆ್ಯಪ್ ಇದೆ ಕಣಮ್ಮ. ನಾಳೆ ಮೀಟಿಂಗ್ ಹೊತ್ತಿಗೆ ಆ ಸಾಲು ಅಲ್ಲಿರಬಾರದು," ಎಂದರು ಲೀಡರ್.

ಆಗಲಿ, ನೋಡಿಯೇ ಬಿಡೋಣ ಎಂದು ಸಂಜೆಯಿಡೀ ಮೂರು ಆ್ಯಪ್ ಹಾಕಿ ಹೋಲಿಸಿದೆ. ಒಂದು, ಅಮ್ಮ ಯಾವ ವಿಭಾಗಕ್ಕೆ ಸೇರುತ್ತಾಳೆ ಎಂದು ಕೇಳಿತು. ಇನ್ನೊಂದು ಟಿಪ್ಪಣಿಯಿಂದ ಟಿಪ್ಪಣಿಗೆ ಗೆರೆ ಎಳೆದು ಜೇಡರಬಲೆ ನೇಯ್ದು ತೋರಿಸಿತು. ನೋಡಲು ಚೆಂದವೇ, ಆದರೆ ನಾನು ನೊಣವಲ್ಲ. ಮೂರನೆಯದರಲ್ಲಿ ಹಳದಿಯೋ ನೀಲಿಯೋ ಎಂದು ಬಣ್ಣ ಆರಿಸುತ್ತಾ ಕೂತಿದ್ದಾಗ ಅಮ್ಮನೇ ಕೋಣೆಗೆ ಬಂದಳು.

"ಏನೇ, ಇವತ್ತು ನನ್ನ ಕಣ್ಣು ಮರೆತೇಬಿಟ್ಯಾ?"

ಕೋಡ್ ಬರೆಯುವ ಆ ಹಳೇ ಎಡಿಟರ್‌ನಲ್ಲಿ ಗೀಚಿಟ್ಟ ದಿನ ಒಮ್ಮೆಯೂ ಮರೆತವಳಲ್ಲ ನಾನು. ದಿನವೆಲ್ಲಾ ನನ್ನ ಕಣ್ಣು ನೆಟ್ಟಿರುವುದೇ ಅಲ್ಲಿ. ಇವರ ಅಚ್ಚುಕಟ್ಟಿಗೆ ಬೆಂಕಿ ಬೀಳಲಿ! ಅಮ್ಮನಿಗೆ ಡ್ರಾಪ್ಸ್ ಹಾಕಿ ಬಂದು ಮೂರು ಆ್ಯಪನ್ನೂ ಕಿತ್ತೆಸೆದೆ.

ಆ ಸಾಲನ್ನು ಅಳಿಸಿಲ್ಲ. ಅಳಿಸುವುದೂ ಇಲ್ಲ. ಅದರ ಕೆಳಗೇ ಇನ್ನೊಂದು ಸೇರಿಸಿದ್ದೇನೆ: "ಡ್ರಾಪ್ಸ್ ಮುಗೀತಾ ಬಂತು, ಸಂಜೆ ಬರುವಾಗ ಹೊಸ ಬಾಟಲಿ ತರಬೇಕು."

ನಾಳೆ ಇದನ್ನೂ ಓದಲಿ, ಜೋರಾಗಿಯೇ ಓದಲಿ. ನನಗೂ ನೆನಪು ಮಾಡಿದಂತಾಗುತ್ತದೆ.