ಆಯಿಯ ಕಣ್ಣು ತೆರೆಸಿದ ಕಂಪನಿ

ಹಳಿಯಾಳ
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಸಹನಾ,

ನಿನ್ನ ಸುಭಾಸ ಕಾಕಾನ ಆಶೀರ್ವಾದಗಳು. ಹೇಗಿದ್ದೀ ಮಗಳೇ? ಕಾಲಿನ ಬಾವು ಇಳಿಯಿತೇ? ಜೊಯಿಡಾದ ಚಳಿಯಲ್ಲಿ ಬರಿಗಾಲಲ್ಲಿ ಓಡಾಡಬೇಡ. ನಿನ್ನ ಗಂಡ ಸಚಿನ ಕುಳಗಿಯ ಅರಣ್ಯ ಕ್ಯಾಂಪಿನಿಂದ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾನೋ, ಇಲ್ಲ ಕಾಡಿನ ಆನೆ ಎಣಿಸುತ್ತಲೇ ಕೂತಿರುತ್ತಾನೋ? ಬಸುರಿ ಹೆಂಡತಿಯನ್ನು ಒಬ್ಬಳೇ ಬಿಟ್ಟರೆ ನಾನೇ ಬಂದು ಕಿವಿ ಹಿಂಡುತ್ತೇನೆಂದು ಹೇಳು.

ಫೋನು ಬಿಟ್ಟು ಕಾಕಾ ಪತ್ರಕ್ಕೆ ಕೂತನಲ್ಲ ಎಂದು ನಗಬೇಡ. ಆ ಫೋನು ಮುಟ್ಟಿದರೆ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತದೆ. ಎಲ್ಲಾ ಆ ಕಂಪನಿಯ ದೆಸೆಯಿಂದ. ಹೆಸರು ಬರೆಯುವುದಿಲ್ಲ, ಬರೆದರೆ ಪೆನ್ನಿಗೇ ಮೈಲಿಗೆ. ಯಾವ ಕಂಪನಿಯೆಂದು ನಿನಗೆ ಗೊತ್ತು. ಹಳಿಯಾಳದ ಅರ್ಧ ಊರಿಗೆ ಅದರ ಸಾಫ್ಟ್‌ವೇರ್ ಕಲಿಸಿದವನು ನಾನು. ಅದರ ಹೊಸ ಆವೃತ್ತಿ ಬಂದ ದಿನ ನಮ್ಮ ಕಂಪ್ಯೂಟರ್ ಕ್ಲಾಸಿನಲ್ಲಿ ಪೇಢೆ ಹಂಚಿದವನು ನಾನು. ಯಾರಾದರೂ ಅದನ್ನು ಬೈದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಆಯಿ ಬಂದವರಿಗೆಲ್ಲ ಹೇಳುತ್ತಿದ್ದಳು: “ನನ್ನ ಮಗಾ ಆ ಕಂಪನಿಗೆ ಮನಿ ಅಳಿಯ ಆಗ್ಯಾನ. ಹೆಣ್ಣ ಕೊಟ್ಟಿಲ್ಲ, ಚಾಕರಿ ಅಷ್ಟ ಮಾಡಸ್ಕೊತಾರ.” ಆಗ ಸಿಟ್ಟು ಬರುತ್ತಿತ್ತು. ಈಗ ನೋಡಿದರೆ ಮುದುಕಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಒಂದು ಕಾಲಕ್ಕೆ ಅದು ನಿಜವಾಗಿಯೂ ಮರ್ಯಾದೆಯ ಕಂಪನಿ, ಸಹನಾ. ಹೇಳಿದ್ದು ಮಾಡುತ್ತಿತ್ತು, ಹೇಳದ್ದಕ್ಕೆ ಕೈ ಹಾಕುತ್ತಿರಲಿಲ್ಲ. ನನ್ನ ಟೈಪಿಂಗ್ ಅಂಗಡಿಯ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿನಲ್ಲಿ ಆ ಕಾಲದ ಸಾಫ್ಟ್‌ವೇರ್ ಇನ್ನೂ ಇದೆ. ಅದು ಸತ್ತಿತು, ಇನ್ನು ನೋಡಿಕೊಳ್ಳುವುದಿಲ್ಲ ಎಂದು ಕಂಪನಿಯವರೇ ಸಾರಿದ್ದಾರೆ. ಈಗಿನದೋ, ಲೆಕ್ಕ ಕೂಡಿಸಲು ಹೋದರೂ ಮಧ್ಯೆ ಬಾಯಿ ಹಾಕಿ “ನಾನು ಸಹಾಯ ಮಾಡಲೇ?” ಎನ್ನುತ್ತದೆ. ನಿನ್ನ ಸಹಾಯ ಯಾವನು ಕೇಳಿದನಪ್ಪಾ? ಪ್ರಿಂಟು ಕೊಟ್ಟರೆ ಪುಟ ಅರ್ಧಕ್ಕೆ ನಿಲ್ಲುತ್ತದೆ, ಅದನ್ನು ಸರಿ ಮಾಡುವ ಯೋಗ್ಯತೆ ಇಲ್ಲ, ಆದರೆ ಚಿಹ್ನೆಯ ಬಣ್ಣ ಮಾತ್ರ ವರ್ಷಕ್ಕೊಂದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಅವರ ದೊಡ್ಡ ಸಾಹೇಬ ವೇದಿಕೆ ಮೇಲೆ ಅತ್ತಿಂದಿತ್ತ ಓಡಾಡುತ್ತಾ, ಜನರ ನೆನಪುಗಳನ್ನೆಲ್ಲ ಸುಂದರಗೊಳಿಸುತ್ತೇವೆ ಎಂದು ಭಾಷಣ ಬಿಗಿದಾಗ ನಾನೂ ಮಂಗನಂತೆ ಚಪ್ಪಾಳೆ ತಟ್ಟಿದ್ದೆ. ಸುಂದರ ಅಂದರೇನೆಂದು ನನ್ನ ಮನೆಯೊಳಗೇ ಬಂದು ತೋರಿಸಿದರು.

ಆಯಿ ಹೋದ ದಿನ ನೀನು ಬಸ್‌ಸ್ಟ್ಯಾಂಡಿಗೆ ಹೊರಟಿದ್ದೆ. ನಿನ್ನವ್ವ, ನಮ್ಮ ಪೂರ್ಣಿಮಾ ವೈನಿ, “ಬಸರಿ ಹೆಂಗಸು ಹೆಣಾ ನೋಡಬಾರದು, ಬರಬ್ಯಾಡ” ಎಂದು ತಡೆದರು. ನೀನು ಅಳುತ್ತಾ ನನಗೆ ಫೋನು ಮಾಡಿ, “ಕಾಕಾ, ಆಯಿ ಮುಖ ಒಮ್ಮೆರ ತೋರಸ” ಎಂದೆ. ನಿನಗೆ ಅಜ್ಜಿ, ನನಗೆ ಹೆತ್ತವ್ವ. ಆ ಮಾತು ಇನ್ನೂ ಎದೆಯಲ್ಲಿ ಚುಚ್ಚುತ್ತದೆ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಿದ್ದವಳದು ಮನೆಯಲ್ಲಿ ಬೇರೆ ಫೋಟೋ ಎಲ್ಲಿದೆ? ಆಧಾರ್ ಕಾರ್ಡಿನದನ್ನು ನೋಡಿ ಅವಳೇ “ಇದ್ಯಾವ ಮುದಕಿ?” ಎಂದಿದ್ದಳು. ಅದಕ್ಕೆ, ಸ್ನಾನ ಮಾಡಿಸಿ, ಹಣೆತುಂಬ ವಿಭೂತಿ ಹಚ್ಚಿ, ಹಸಿರು ಇಳಕಲ್ ಸೀರೆ ಉಡಿಸಿ, ನಮ್ಮ ಪದ್ಧತಿಯಂತೆ ಗೋಡೆಗೆ ಆನಿಸಿ ಕೂರಿಸಿದಾಗ, ಕೊನೆಯ ಫೋಟೋ ನಾನೇ ನನ್ನ ಫೋನಿನಲ್ಲಿ ತೆಗೆದೆ. ಒಂದಾದ ಮೇಲೊಂದು ತೆಗೆಯುತ್ತಾ ಹೋದೆ, ಚಾರ್ಜು ಮುಗಿದು ಫೋನು ಆರುವವರೆಗೆ.

ಫೋಟೋಗಳು ತಾವಾಗಿಯೇ ಕಂಪನಿಯ ಇಂಟರ್ನೆಟ್ ಉಗ್ರಾಣಕ್ಕೆ ಏರಿದ್ದವು. ಸರಿಯಾಗಿ ನೋಡದೆ ಅಲ್ಲಿಂದಲೇ ಒಂದನ್ನು ಫೋಟೋ ಸ್ಟುಡಿಯೋದ ಸುಭಾನಿಗೆ ಕಳಿಸಿ, ಪೂಜೆಗೆ ಫ್ರೇಮು ಹಾಕಿಸಲು ಹೇಳಿದೆ. ಐದನೇ ದಿನ ಅವನು ಫ್ರೇಮು ತಂದು ಬಾಗಿಲಲ್ಲೇ ನಿಂತ. “ಭಾಯಿ, ಅಮ್ಮಾ ಹಿಂಗ ಇರಲಿಲ್ಲಲ್ಲ?” ಅಂದ. ನೋಡುತ್ತೇನೆ, ಆಯಿ ಕಣ್ಣು ಬಿಟ್ಟುಕೊಂಡು ನಗುತ್ತಿದ್ದಾಳೆ! ಬಲಗಣ್ಣಿನ ಪೊರೆ ಇಲ್ಲ. ಬಾಯಿತುಂಬ ಬಿಳಿ ಹಲ್ಲು. ಗದ್ದದ ಮೇಲಿನ ಹಸಿರು ಹಚ್ಚೆಯನ್ನು ಕಲೆ ಎಂದುಕೊಂಡು ಒರೆಸಿ ಹಾಕಿದ್ದಾರೆ. ಯಾರೂ ಕೇಳಿರಲಿಲ್ಲ, ಕಂಪನಿಯ ಉಗ್ರಾಣವೇ ತಾನಾಗಿ ‘ಸುಧಾರಿಸಿತ್ತು’. ಆಯಿಯ ಗೆಳತಿ ಮಾಲವ್ವ ಫ್ರೇಮು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. “ತಾಯವ್ವನ ಕಣ್ಣ ನಾ ನನ್ನ ಕೈಯಾರೆ ಮುಚ್ಚೀನಿ. ಮತ್ತ ತಗದವರು ಯಾರು?” ಎಂದು ಚೀರಿದಳು. ಅವಳಿಗೆ ಕಂಪನಿಯ ಹೆಸರು ಹೇಳಲೇ?

ಉಗ್ರಾಣದಲ್ಲಿ ಹುಡುಕಿದರೆ ಪ್ರತಿಯೊಂದರಲ್ಲೂ ಅದೇ ನಗು. ಜಾಗ ಉಳಿಸುವ ನೆಪದಲ್ಲಿ ಫೋನಿನಲ್ಲಿದ್ದ ಮೂಲ ಫೋಟೋಗಳನ್ನೂ ಅಳಿಸಿದ್ದರು. ದೂರು ಕೊಟ್ಟೆ. ಮನುಷ್ಯರು ಉತ್ತರಿಸುವ ಕಾಲ ಹೋಯಿತು, ಒಂದು ಯಂತ್ರ “ನಿಮ್ಮ ನೆನಪುಗಳು ಈಗ ಇನ್ನಷ್ಟು ಸುಂದರ!” ಎಂದಿತು. ಸತ್ತವಳು ನನ್ನ ತಾಯಿ, ಯಾರಪ್ಪಣೆ ಪಡೆದು ಕಣ್ಣು ತೆರೆಸಿದಿರಿ ಎಂದು ಬರೆದೆ. “ನಿಮ್ಮ ಅಭಿಪ್ರಾಯ ಅಮೂಲ್ಯ, ನಮಗೆ ಎಷ್ಟು ನಕ್ಷತ್ರ ಕೊಡುತ್ತೀರಿ?” ಎಂದು ಕೇಳಿತು. ಥೂ, ನಾಚಿಕೆಗೆಟ್ಟವರು! ಇಷ್ಟು ವರ್ಷ ಇವರ ಪರವಾಗಿ ಊರೊಂದಿಗೆ ಜಗಳ ಕಾದೆನಲ್ಲ, ನನ್ನ ಬಾಯಿಗೆ ಮಣ್ಣು ಬೀಳಲಿ.

ವೈನಿಗೆ ಮಾತ್ರ ಆ ಫೋಟೋ ಹಿಡಿಸಿದೆ. “ಎಷ್ಟ ಚಂದ ನಗಾಕತ್ತಾರ ನೋಡ್ರಿ. ಸಹನಾಗ ಇದನ್ನ ಕಳಸ್ರಿ, ಬಸರಿಗೆ ನೋಡಾಕ ಚಲೋ” ಎಂದು ಹಟ ಹಿಡಿದಿದ್ದಾರೆ. ಅದನ್ನೇ ಈ ಪತ್ರದ ಜೊತೆ ಇಟ್ಟಿದ್ದೇನೆ. ಜೊಯಿಡಾ ಬಸ್ಸಿನ ಕಂಡಕ್ಟರ್ ಕೈಗೆ ಕೊಡಲು ಅವಲಕ್ಕಿ ಚೂಡಾದ ಡಬ್ಬಿಯೂ ಸಿದ್ಧವಾಗುತ್ತಿದೆ. ನಿನಗೂ ಹೊಟ್ಟೆಯಲ್ಲಿರುವ ಕೂಸಿಗೂ ಆ ಶಿವ ಒಳ್ಳೆಯದು ಮಾಡಲಿ. ಸಚಿನನಿಗೆ ನಮ್ಮೆಲ್ಲರ ನೆನಪು ಹೇಳು.

ನಿನ್ನ ಕಾಕಾ,
ಸುಭಾಸ

ತಾ.ಕ.: ವೈನಿ ಒಳಗೆ ಹೋಗಿದ್ದಾರೆ, ಬೇಗ ಬರೆಯುತ್ತೇನೆ. ಚೂಡಾದ ಡಬ್ಬಿಯ ತಳದಲ್ಲಿ, ಕಾಗದದ ಕೆಳಗೆ, ಅಂಟಿಸಿದ ಇನ್ನೊಂದು ಲಕೋಟೆ ಇದೆ. ಫೋನು ಆರುವ ಮುಂಚೆ ತೆಗೆದ ಕೊನೆಯ ಫೋಟೋ ಅರ್ಧದಲ್ಲೇ ಸಿಕ್ಕಿಕೊಂಡು ಉಗ್ರಾಣಕ್ಕೆ ಏರಿರಲಿಲ್ಲ. ನೆಟ್ ಬಂದ್ ಮಾಡಿ, ಫೋನಿಗೆ ವೈರು ಹಾಕಿ, ಅವರೇ ಸತ್ತಿತೆಂದು ಸಾರಿದ ಆ ಹಳೆಯ ಸಾಫ್ಟ್‌ವೇರಿನಲ್ಲಿ ತೆರೆದೆ. ಅದು ಆಯಿಯನ್ನು ಇದ್ದಂತೆಯೇ ತೋರಿಸಿತು. ಹಚ್ಚೆ ಇದೆ, ಬೊಚ್ಚುಬಾಯಿ ಇದೆ, ಕಣ್ಣು ಮುಚ್ಚಿವೆ. ಅಂಗಡಿಯಲ್ಲಿ ಒಬ್ಬನೇ ಕೂತು ಅತ್ತುಬಿಟ್ಟೆ, ಆಮೇಲೆ ಅದನ್ನೇ ಪ್ರಿಂಟು ತೆಗೆದು ಆ ಲಕೋಟೆಯಲ್ಲಿಟ್ಟೆ. ಕಂಪನಿ ನನ್ನನ್ನು ಕೇಳಲಿಲ್ಲ, ನಾವು ಯಾರೂ ನಿನ್ನನ್ನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಇವತ್ತೇ ತೆರೆ, ಇಲ್ಲ ಕೂಸು ಹುಟ್ಟಿದ ಮೇಲೆ ತೆರೆ, ತೆರೆಯದೆಯೂ ಇರು, ನಿನ್ನಿಷ್ಟ. ಒಂದೇ ಮಾತು, ಅದನ್ನು ಫೋನಿನಲ್ಲಿ ಫೋಟೋ ಹೊಡೆದು ಯಾರಿಗೂ ಕಳಿಸಬೇಡ ಮಗಳೇ. ಮಾಲವ್ವ ಮುಚ್ಚಿದ ಕಣ್ಣು ಮತ್ತೆ ತೆರೆಸಿಬಿಡುತ್ತಾರೆ.