ಸೊನ್ನೆ ಬಿಟ್ಟೆದ್ದ ಗೆರೆ

ನವೆಂಬರ್ ೧೯, ಮಂಗಳವಾರ

ಸದ್ಯ, ತಂತಿಯ ತಪ್ಪಲ್ಲ. ಇದನ್ನು ಬರೆಯದೆ ನಿದ್ದೆ ಬರುವುದಿಲ್ಲ.

ಹೋದ ವಾರ ನಾನು ಪರೀಕ್ಷಿಸುತ್ತಿರುವ ಹರಳನ್ನು ತಣ್ಣಗಾಗಿಸಿದಾಗ ಅದರ ವಿದ್ಯುತ್ ರೋಧ ಸೊನ್ನೆಗೆ ಬಿತ್ತು. ಎಲೆಕ್ಟ್ರಾನುಗಳು ಜೋಡಿಯಾಗಿ ತಡೆಯೇ ಇಲ್ಲದೆ ಹರಿಯುತ್ತಿವೆ ಎಂದು ಲ್ಯಾಬಿಗೆಲ್ಲ ಡಂಗುರ ಸಾರಿದವಳು ನಾನೇ. "ಚಳಿಗೆ ತಂತಿಗಳು ಕುಗ್ಗಿ ತಾಗಿಕೊಂಡ್ರೂ ಸೊನ್ನೇನೇ ಬರೋದು," ಎಂದು ಗೈಡ್ ಮೇಡಂ ಅಂದ ಮೇಲೆ ಯಾರಿಗೂ ಮುಖ ತೋರಿಸಲಾಗಿರಲಿಲ್ಲ.

ಇವತ್ತು ಮಧ್ಯಾಹ್ನ ಮೇಡಂ ಪಕ್ಕದಲ್ಲೇ ಕೂತರು. ಆಯಸ್ಕಾಂತದ ಬಲ ಏರಿಸುತ್ತ ಹೋದೆ. ನಿಜವಾದ ಜೋಡಿಗಳಾದರೆ ಮುರಿದು, ರೋಧ ಮರಳಬೇಕು. ತಾಗಿಕೊಂಡ ತಂತಿಗಾದರೆ ಇದರ ಪರಿವೆಯೇ ಇರುವುದಿಲ್ಲ. ಮಾಮೂಲಿ ಜೋಡಿಗಳು ಮುರಿಯುವ ಮಿತಿ ದಾಟಿತು. ರೋಧ ತೋರಿಸುವ ಪರದೆಯ ಗೆರೆ ಸೊನ್ನೆಯಲ್ಲೇ ಮಲಗಿತ್ತು. ಆ ಮಿತಿಯ ಎರಡರಷ್ಟಾದರೂ ಏಳಲಿಲ್ಲ.

"ನಿಲ್ಲಿಸಿಬಿಡ್ಲಾ ಮೇಡಂ? ತಂತೀನೇ ಇದು."

"ಸುಮ್ನಿರೇ. ಆಯಸ್ಕಾಂತದಲ್ಲಿ ಇನ್ನೂ ಶಕ್ತಿ ಇದೆ."

ಇನ್ನೇನು ಅದರ ಶಕ್ತಿಯೂ ಮುಗಿಯಬೇಕು ಅನ್ನುವಾಗ ಗೆರೆ ಅಲುಗಾಡಿತು, ಆಮೇಲೆ ಸರಸರನೆ ಮೇಲೆದ್ದಿತು. ಮೇಡಂ ನನ್ನ ಬೆನ್ನಿಗೊಂದು ಗುದ್ದಿದರು. "ಜೋಡಿ ನಿಜ ಕಣೇ! ಆದ್ರೆ ಮಾಮೂಲಿ ಜೋಡಿ ಅಲ್ಲ. ಇಷ್ಟು ಹಟ ಹಿಡೀಬೇಕಾದ್ರೆ ಬೇರೆ ಯಾವುದೋ ಅಂಟು ಇದೆ."

ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿದೆ. ಅಳುತ್ತ, ನಗುತ್ತ ಎಲ್ಲ ಹೇಳಿದೆ. ಅಮ್ಮ ತಾಳ್ಮೆಯಿಂದ ಕೇಳಿ ಅಂದಳು, "ಆ ಎಲೆಕ್ಟ್ರಾನುಗಳು ಒಂದನ್ನೊಂದು ದೂರ ತಳ್ಳೋವು ಅಂತೀಯ. ಮತ್ತೆ ಹೇಗೆ ಜೊತೆಗಿರ್ತಾವೆ?"

"ಗೊತ್ತಿಲ್ಲಮ್ಮ," ಎಂದೆ. ಎಷ್ಟು ಹಗುರವಾಗಿ ಹೇಳಿದೆ ಆ ಮಾತನ್ನು! ನಿನ್ನೆಯಾಗಿದ್ದರೆ ಏನೋ ನೆಪ ಹೇಳಿ ಫೋನ್ ಇಟ್ಟುಬಿಡುತ್ತಿದ್ದೆ. ಇನ್ನು ಆ ಅಂಟನ್ನು ಹುಡುಕುವುದೇ ನನ್ನ ಕೆಲಸ, ನಾಳೆಯಿಂದ, ಕಣ್ಣು ಎಳೆಯುತ್ತಿದೆ, ನಾಳೆ