ಗಾಡಿ ಷರತ್ತು

ಜನವರಿ 6, ಸೋಮವಾರ. ಬೆಳಿಗ್ಗೆ 6

ಇವತ್ತೂ ರೊಟ್ಟಿ ಬಡಿಯುವಾಗಲೇ ಜಗಳ. ನಮ್ಮ ಅವಳಿ ಮಕ್ಕಳಿಗೆ ಹದಿನೆಂಟು ತುಂಬಿ ಲೈಸೆನ್ಸ್ ಕೈಗೆ ಬಂದಾಗಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಸಾಹಿಲನಿಗೆ ಕೆಂಪು ಕಾರೇ ಆಗಬೇಕು, ಟರ್ಬೊ ಬೇಕು, ಸನ್‌ರೂಫ್ ಬೇಕು. ಮುದ್ದೇಬಿಹಾಳದ ಬಿಸಿಲಿಗೆ ಸನ್‌ರೂಫ್ ಅಂತೆ. ತರನ್ನುಮಳಿಗೆ ಹಿಂದೆ ಕ್ಯಾಮೆರಾ ಇದ್ದರೆ ಸಾಕು, ಬಣ್ಣ ಯಾವುದಾದರೂ ಸರಿ. ಇವರು ಗೊಬ್ಬರದ ಅಂಗಡಿಗೆ ಹೊರಡುವ ಗಡಿಬಿಡಿಯಲ್ಲಿ, "ನಿಮ್ಮ ಅಮ್ಮಿ ಹೇಳಿದ್ದ ಫೈನಲ್" ಎಂದು ನನ್ನ ತಲೆಗೆ ಕಟ್ಟಿ ನಡೆದರು. ಖಲೀಲ ಸಾಹೇಬರದು ಯಾವತ್ತೂ ಇದೇ ಹಾಡು.

ನನಗೆ ಬೇಕಾದದ್ದು ಇಷ್ಟೇ. ಏರ್‌ಬ್ಯಾಗ್ ಇರಬೇಕು, ಬ್ರೇಕ್ ಗಟ್ಟಿ ಇರಬೇಕು, ಜೋರಾಗಿ ಓಡಬಾರದು.

ಹಾಲು ಉಕ್ಕಿತು —

ಜನವರಿ 8, ಬುಧವಾರ

ಶಾಲೆಗೆ ರಜೆ ಹಾಕಿ ವಿಜಯಪುರಕ್ಕೆ ಹೋದೆವು. ಜೊತೆಗೆ ಮೆಕ್ಯಾನಿಕ್ ಮಲಿಕಸಾಬ. ಹಳೇ ಕಾರು ಮಾರುವ ಜಾಗ. ಸಾಹಿಲ ಒಂದು ಕೆಂಪು ಕಾರು ಹತ್ತಿ ಕುಳಿತವನು ಇಳಿಯಲೇ ಒಲ್ಲ. ಮಲಿಕಸಾಬ ಮೂಲೆಯಲ್ಲಿದ್ದ ಸಣ್ಣ ಬಿಳಿ ಕಾರಿನ ಬಾನೆಟ್ ಎತ್ತಿದ, ಕೆಳಗೆ ಮಲಗಿ ನೋಡಿದ, ಎದ್ದು ಕೈ ಒರೆಸಿಕೊಂಡ.

"ಭಾಬಿ, ಇದನ್ನ ತಗೋರಿ. ಏರ್‌ಬ್ಯಾಗ್ ಅದಾವ, ಬ್ರೇಕ್ ಚಲೋ ಐತಿ. ಎಂಬತ್ತು ದಾಟಿದ್ರ ತಾನ ಗುರ್ ಅಂತೈತಿ."

ಅಲ್ಲೇ ನನ್ನ ಮನಸ್ಸು ಸೋತಿತು.

"ಅಮ್ಮಿ, ಇದು ರಿಟೈರ್ ಆದ ಮಾಸ್ತರ ಗಾಡಿ" ಎಂದ ಸಾಹಿಲ. ನಾನು ರಿಟೈರ್ ಆಗಲು ಇನ್ನೂ ಹನ್ನೊಂದು ವರ್ಷ ಇದೆ. ಆದರೂ ಬಿಳಿಯದೇ ಫೈನಲ್. ಬರುವಾಗ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದ. ಗಿರಮಿಟ್ಟು ತಿನ್ನಿಸಿದ ಮೇಲೆ ಸರಿಹೋದ.

ಜನವರಿ 12, ರವಿವಾರ

ಗಾಡಿ ಮನೆಗೆ ಬಂತು. ನಮ್ಮ ಮಾವ ಗುಡುಸಾಬರು ಫಾತಿಹಾ ಓದಿಸಿ ಓಣಿಗೆಲ್ಲ ಸಕ್ಕರೆ ಹಂಚಿದರು. ಪಕ್ಕದ ಮನೆಯ ಗೋದೂಬಾಯಿ ತಾವೇ ಬಂದು ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಎರಡೂ ಕಡೆಯಿಂದ ಬಂದೋಬಸ್ತು. ಖುಷಿಯೋ ಖುಷಿ.

ಅದು ಮಧ್ಯಾಹ್ನದ ತನಕ. ಬಟ್ಟೆ ತೆಗೆಯಲು ಮಾಳಿಗೆ ಹತ್ತಿದ್ದೆ. ಕೆಳಗೆ ಸಾಹಿಲ, ಗೋದೂಬಾಯಿಯ ಮಗ ಸುಜಯ.

"ಬರೋ ರವಿವಾರ ಸಂಜಿ ಐದಕ್ಕ, ನಾಲತವಾಡ ರೋಡ್" ಎಂದ ಸುಜಯ. "ನಾ ನಮ್ಮ ಅಪ್ಪನ ಗಾಡಿ ತರ್ತೇನಿ. ರೇಸ್. ದಮ್ ಐತೇನು?"

"ಬರ್ತೇನಿ" ಎಂದ ನನ್ನ ಮಗ.

ಈಗ ಕಬ್ಬಿನ ಸೀಸನ್. ಆ ರಸ್ತೆ ತುಂಬ ಟ್ರ್ಯಾಕ್ಟರ್, ಬೆನ್ನಿಗೆ ಎರಡೆರಡು ಟ್ರೇಲರ್, ಒಂದಕ್ಕೂ ಹಿಂದೆ ಲೈಟಿಲ್ಲ. ಹೆದರಿಕೆ ಆಗುತ್ತಿದೆ. ಬಹಳ ಹೆದರಿಕೆ...

ಜನವರಿ 17, ಶುಕ್ರವಾರ

ನಾಲ್ಕು ದಿನ ಬರೆಯಲಿಲ್ಲ. ಪೆನ್ನು ಹಿಡಿದರೆ ಬರೀ ಬೈಗುಳ ಬರುತ್ತಿತ್ತು. ಇವರಿಗೆ ಹೇಳಿದೆ. "ಕೀಲಿ ಕಸಗೊಂಡ್ರ ಆತು" ಅಂದರು. ಕೀಲಿ ಕಸಿದರೆ ಇನ್ಯಾರದೋ ಗಾಡಿ ಹತ್ತುತ್ತಾನೆ, ನನಗೆ ಗೊತ್ತೂ ಆಗುವುದಿಲ್ಲ. ತಾನಾಗಿಯೇ ಒಲ್ಲೆ ಅನ್ನಬೇಕು. ಹೇಗೆ?

ಕೊನೆಗೆ ನಿಯಮ ಬರೆದೆ. ಬೆಲ್ಟ್ ಹಾಕಬೇಕು. ಫೋನ್ ಮುಟ್ಟಬಾರದು. ಅರವತ್ತು ದಾಟಬಾರದು. ರೇಸ್ ಮಾಡಿದರೆ ಒಂದು ವರ್ಷ ಕೀಲಿ ಇಲ್ಲ. ಇಬ್ಬರ ಕೈಲೂ ಸಹಿ ಹಾಕಿಸುವುದು. ಫ್ರಿಜ್ ಬಾಗಿಲಿಗೆ ಚೀಟಿ ಅಂಟಿಸಿದೆ: "ರವಿವಾರ ಬೆಳಿಗ್ಗೆ ಎಂಟಕ್ಕೆ ಗಾಡಿ ಷರತ್ತು. ಎಲ್ಲರೂ ಹಾಜರಿರಬೇಕು."

ಮಾವ ಅದನ್ನು ಎರಡು ಸಲ ಓದಿದರು. ಆಮೇಲೆ ರುಮಾಲು ಸುತ್ತಿಕೊಂಡು ಚಹಾದ ಅಂಗಡಿಗೆ ನಡೆದರು. ಅವರನ್ನು ಇಷ್ಟು ಖುಷಿಯಲ್ಲಿ ನೋಡಿ ಎಷ್ಟೋ ದಿನ ಆಗಿತ್ತು.

ಜನವರಿ 19, ರವಿವಾರ. ಮಧ್ಯಾಹ್ನ 2

ನಕ್ಕು ನಕ್ಕು ಹೊಟ್ಟೆ ನೋಯುತ್ತಿದೆ.

ಎಂಟಕ್ಕೆ ಬಾಗಿಲು ತೆರೆದರೆ ಓಣಿ ತುಂಬ ಜನ. ಓಣಿಯ ಸಿದ್ಧರಾಮ ಬಾರಿಸಲು ಹಲಗೆ ತಂದಿದ್ದಾನೆ. ಸುಜಯನ ತಂದೆ ಜಯತೀರ್ಥ ಮಾಸ್ತರು ಸ್ವೆಟರ್ ಹಾಕಿಕೊಂಡು ಎಲ್ಲರಿಗಿಂತ ಮುಂದೆ.

"ಏನ್ರಿ ಸರ್ ಇದು?"

"ನೀವು ಶರತ್ತ ಇಟ್ಟೀರಂತಲ್ರಿ ಟೀಚರ. ಗುಡುಸಾಬ ಕಾಕಾ ಊರಿಗೆಲ್ಲ ಹೇಳ್ಯಾರ."

ಅಯ್ಯೋ ನನ್ನ ಕನ್ನಡವೇ. ನಾನು ಬರೆದದ್ದು ಕಂಡೀಷನ್ ಎಂಬ ಅರ್ಥದಲ್ಲಿ. ನಮ್ಮ ಕಡೆ ಗಾಡಿ ಶರತ್ತು ಎಂದರೆ ಎತ್ತಿನ ಗಾಡಿ ಓಡಿಸುವ ಪಂದ್ಯ. ಹರೆಯದಲ್ಲಿ ಅದರಲ್ಲೇ ಹೆಸರು ಮಾಡಿದವರು ಮಾವ. ಸೊಸೆ ಕಾರಿನ ಪಂದ್ಯ ಇಟ್ಟಿದ್ದಾಳೆ ಎಂದು ಡಂಗುರ ಸಾರಿದ್ದಾರೆ. ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದವಳು ನಾನು.

ಸಾಹಿಲ, ಸುಜಯ ಇಬ್ಬರ ಮುಖವೂ ಬಿಳುಚಿತ್ತು. ತಮ್ಮ ಗುಟ್ಟು ರಟ್ಟಾಯಿತು ಅಂದುಕೊಂಡರೋ ಏನೋ.

ಪಂದ್ಯ ಅಲ್ಲ ಎನ್ನಲು ಬಾಯಿ ತೆರೆದೆ. ಇಸ್ತ್ರಿ ಮಾಡಿದ ಧೋತರದಲ್ಲಿ ನಿಂತ ಮಾವನನ್ನು ನೋಡಿ ಹೇಳಲು ಮನಸ್ಸಾಗಲಿಲ್ಲ. ಆಗ ನಮ್ಮ ಶಾಲೆಯ ಸ್ಲೋ ಸೈಕಲ್ ರೇಸ್ ನೆನಪಾಯಿತು.

"ಹೌದ್ರಿ, ಶರತ್ತ ಐತಿ" ಅಂದೆ. "ಆದ್ರ ಎಲ್ಲಾರಕಿಂತ ಕಡೀಕ ಯಾರ್ ಮುಟ್ತಾರ, ಅವರ ಗೆದ್ದಂಗ."

ಎಪಿಎಂಸಿ ಮೈದಾನ. ನಮ್ಮ ಬಿಳಿ ಗಾಡಿ ಒಂದೇ, ಸುಜಯ, ಸಾಹಿಲ, ತರನ್ನುಮ ಮೂವರೂ ಸರದಿಯಂತೆ. ನೂರು ಹೆಜ್ಜೆ ದೂರ. ಗಾಡಿ ನಿಲ್ಲಬಾರದು, ಎಂಜಿನ್ ಆಫ್ ಆಗಬಾರದು. ಪಕ್ಕದ ಸೀಟಿನಲ್ಲಿ ಮಲಿಕಸಾಬ. ಸುಜಯ ಒಂದೇ ನಿಮಿಷಕ್ಕೆ ಮುಟ್ಟಿಬಿಟ್ಟ. ಸಾಹಿಲ ಇಪ್ಪತ್ತು ಹೆಜ್ಜೆಗೆ ಆಫ್. ಜನ ಹೋ ಎಂದರು. ಇನ್ನೊಂದು ಚಾನ್ಸ್ ಕೇಳಿದ — ಮತ್ತೆ ಆಫ್. ತರನ್ನುಮ ದುಪಟ್ಟಾ ಬಿಗಿದು ಕುಳಿತಳು. ಕ್ಲಚ್ ಅರ್ಧ ಬಿಟ್ಟು, ಅರ್ಧ ಹಿಡಿದು, ನಾಲ್ಕು ನಿಮಿಷ ತೆವಳಿಸಿದಳು. ಸಿದ್ಧರಾಮನ ಹಲಗೆಗೆ ಜಯತೀರ್ಥ ಮಾಸ್ತರೇ ಕುಣಿದರು. ನಾನು ಕೂಗಿದ್ದಕ್ಕೆ ಗಂಟಲು ಕೂತಿದೆ.

ಸಾಹಿಲನ ಕಿವಿ ಕೆಂಪಾಗಿತ್ತು. ಮಾವ ಅವನನ್ನು ಬೇವಿನ ನೆರಳಿಗೆ ಕರೆದರು. ನಾನು ಅಲ್ಲೇ ಇದ್ದೆ.

"ನಾ ಏಳು ಶರತ್ತ ಗೆದ್ದೇನಿ" ಅಂದರು. "ಎಂಟನೇದ್ರಾಗ ಎತ್ತು ನಿಂದ್ರಿಸಾಕ ನನ್ನ ಕಡಿಂದ ಆಗಲಿಲ್ಲ. ಎಡಗಡೆದು ಬಿದ್ದು ಸತ್ತು ಹೋತು. ಓಡಿಸೋದು ಎಲ್ಲಾರಿಗೂ ಬರ್ತೈತಿ ಮಗಾ. ನಾನೂ ಅದನ್ನ ಕಲ್ತಿದ್ದೆ, ನಿಂದ್ರಿಸೋದು ಕಲೀಲಿಲ್ಲ."

ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೇವೆ. ಮಾವ ಇದನ್ನು ಯಾರಿಗೂ ಹೇಳಿರಲಿಲ್ಲ.

ಅದೇ ದಿನ. ಸಂಜೆ 4.40

ಕುಳಿತಲ್ಲಿ ಕೂರಲಾಗುತ್ತಿಲ್ಲ. ಆ ನಿಯಮದ ಹಾಳೆಗೆ ಸಹಿ ಹಾಕಿಸುವುದೇ ಮರೆತಿದ್ದೆ. ಕೀಲಿ ಮೊಳೆಯಲ್ಲಿ ನೇತಾಡುತ್ತಿದೆ. ಎರಡು ಸಲ ಎದ್ದೆ, ಬಚ್ಚಿಡೋಣ ಎಂದು. ಎರಡು ಸಲವೂ ಕುಳಿತೆ.

4.55

ಸಾಹಿಲ ಒಳಗೆ ಬಂದ. ಕೀಲಿ ತೆಗೆದುಕೊಂಡ. ಬಾಗಿಲ ತನಕ ಹೋದವನು ತಿರುಗಿ ಬಂದು ನನ್ನೆದುರು ನಿಂತ.

"ಅಮ್ಮಿ, ಇವತ್ತ ಐದಕ್ಕ ನಾಲತವಾಡ ರೋಡಿಗೆ ರೇಸಿಗೆ ಬರ್ತೇನಿ ಅಂದಿದ್ದೆ. ಬರಾಂಗಿಲ್ಲ ಅಂತ ಸುಜಯಗ ಹೇಳಿ ಬಂದೆ."

"ಅಂವ ಏನಂದ?"

"ನಕ್ಕ. ನಾಳೆ ಕಾಲೇಜಿನ್ಯಾಗ ಎಲ್ಲಾರೂ ನಗ್ತಾರ. ನಗ್ಲಿ ಬಿಡು." ಕೀಲಿ ತಿರುಗಿಸುತ್ತ, "ಬೈತಿ ಏನು?" ಅಂದ.

ಬೈಯಲಿಲ್ಲ. ನನಗೆ ಗೊತ್ತಿತ್ತು ಎಂದೂ ಹೇಳಲಿಲ್ಲ, ಹೇಳುವುದೂ ಇಲ್ಲ. ಅದು ಅವನೇ ತಂದುಕೊಟ್ಟ ಮಾತು, ಅವನದಾಗಿಯೇ ಇರಲಿ. ಚಹಾ ಕುಡಿಯುತ್ತೀಯಾ ಎಂದು ಕೇಳಿದೆ. ಅವನಿಗೆ ಚಹಾ ಬೇಡವಂತೆ. ಮೈದಾನಕ್ಕೆ ಹೋಗಬೇಕಂತೆ, ತರನ್ನುಮಳ ನಾಲ್ಕು ನಿಮಿಷ ಮುರಿಯಬೇಕಂತೆ, ನಾನು ಜೊತೆಗೆ ಕೂತು ಟೈಮ್ ನೋಡಬೇಕಂತೆ.

ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಐದು ಗಂಟೆ. ನನ್ನ ಮಗ ನನ್ನ ಬಾಗಿಲಲ್ಲಿ ಇದ್ದಾನೆ. ಇನ್ನೊಂದು ಹಾರ್ನ್. ಬಂದೆನಪ್ಪ, ಚಪ್ಪಲಿ ಹಾಕಿ —